ಹಿಮದ ಹಾದಿಯಲ್ಲಿ ಬೈಸಿಕಲ್ಲು

ಬೈಸಿಕಲ್ಲನ್ನು ನಾವು ಒಣನೆಲದ ವಾಹನವೆಂದೇ ಎಣಿಸಿಕೊಂಡು ಬಂದಿರುವೆವು. ಕೆಸರಿನ ಹಾದಿ ಬಂದೊಡನೆ ಸವಾರನು ಕೆಳಗಿಳಿದು, ತನ್ನನ್ನು ಹೊರಬೇಕಾದ ವಾಹನವನ್ನು ತಾನೇ ಹೆಗಲಮೇಲೆ ಹೊತ್ತು ನಡೆಯುವುದನ್ನು ಕಂಡು ನಗದವರು ನಮ್ಮಲ್ಲಿ ವಿರಳ. ಹೀಗಿರುವಾಗ, ಮೊಣಕಾಲುದ್ದ ಹಿಮ ಬಿದ್ದಿರುವ ನಾಡಿನಲ್ಲಿ, ನದಿಗಳೆಲ್ಲ ಹೆಪ್ಪುಗಟ್ಟಿ ಕಲ್ಲಾಗಿರುವ ಕಾಲದಲ್ಲಿ, ಜನರು ಬೈಸಿಕಲ್ಲನ್ನೇರಿ ನೂರಾರು ಮೈಲಿ ಪಂದ್ಯ ಹೂಡುವರೆಂದರೆ ವಾಚಕರು ಸುಲಭವಾಗಿ ನಂಬಲಾರರು. ಆದರೆ ಇದು ನಿಜ. ಅಷ್ಟೇ ಅಲ್ಲ, ಇದು ನಿನ್ನೆ ಮೊನ್ನೆಯ ಹುಚ್ಚೂ ಅಲ್ಲ. ಇದರ ಬೇರು ನೂರಿಪ್ಪತ್ತು ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ.

ಉತ್ತರ ಅಮೆರಿಕದ ವಾಯವ್ಯ ಮೂಲೆಯಲ್ಲಿ ಅಲಾಸ್ಕ ಎಂಬ ವಿಶಾಲವಾದ ನಾಡಿದೆ. ಅದರ ಪಕ್ಕದಲ್ಲಿ ಕೆನಡಾಕ್ಕೆ ಸೇರಿದ ಯೂಕಾನ್ ಸೀಮೆ. ೧೮೯೬ರಲ್ಲಿ ಈ ಯೂಕಾನಿನ ಕ್ಲಾಂಡೈಕ್ ಎಂಬಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ, ಲೋಕದ ನಾನಾ ಭಾಗಗಳಿಂದ ಸಾವಿರಗಟ್ಟಲೆ ಜನರು ಹೆಂಡಿರು ಮಕ್ಕಳನ್ನು ಬಿಟ್ಟು ಅಲ್ಲಿಗೆ ಓಡಿದರು. ಅವರಿಂದ ಡಾಸನ್ ಎಂಬ ಪಟ್ಟಣವೇ ಹುಟ್ಟಿಕೊಂಡಿತು. ಆದರೆ ಮೊದಲು ಹೋದವರು ಒಳ್ಳೆಯ ನೆಲವನ್ನೆಲ್ಲ ಹಿಡಿದುಕೊಂಡಿದ್ದರಿಂದ ತಡವಾಗಿ ಬಂದವರಿಗೆ ದೊರೆತದ್ದು ಬರಿಯ ಚಳಿ. ೧೮೯೮ರಲ್ಲಿ ಅಲಾಸ್ಕದ ಪಶ್ಚಿಮ ಕರಾವಳಿಯ ನೋಮ್ ಎಂಬಲ್ಲಿ ಚಿನ್ನ ಕಂಡುಬಂದಿತು. ಮರುವರ್ಷ ಅಲ್ಲಿನ ಕಡಲದಂಡೆಯ ಮರಳಿನಲ್ಲಿಯೇ ಚಿನ್ನದ ಪುಡಿ ಇದೆಯೆಂಬ ವರ್ತಮಾನ ಡಾಸನ್ನಿಗೆ ಬಂದಾಗ ಜನರೆಲ್ಲ ಮತ್ತೆ ಗಂಟು ಕಟ್ಟಿದರು. ನಡುವೆ ಇದ್ದದ್ದು ಸಾವಿರ ಮೈಲಿಗೂ ಮೀರಿದ ಹಾದಿ. ಅದರ ಬಹುಭಾಗ ಹೆಪ್ಪುಗಟ್ಟಿದ ಯೂಕಾನ್ ನದಿಯ ಬೆನ್ನ ಮೇಲೆ. ಆ ಕಾಲದಲ್ಲಿ ಅಲ್ಲಿನ ವಾಹನವೆಂದರೆ ನಾಯಿಗಳೆಳೆಯುವ ಜಾರುಬಂಡಿ. ನಾಯಿಗಳ ಬೆಲೆಯೋ ಹೆಚ್ಚು. ಅವುಗಳ ಹೊಟ್ಟೆಗೆ ದಿನದಿನವೂ ಒಣಮೀನು ಒದಗಿಸಬೇಕು. ಬೈಸಿಕಲ್ಲಿಗೆ ಹೊಟ್ಟೆಯಿಲ್ಲ! ಈ ಲೆಕ್ಕವನ್ನು ಹಾಕಿದವರು ಕೆಲವರಿದ್ದರು.

ಅವರಲ್ಲಿ ಎಡ್ ಜೆಸ್ಸನ್ ಎಂಬಾತನು ಒಬ್ಬನು. ಡಾಸನ್ನಿನಲ್ಲಿ ೧೫೦ ಡಾಲರು ಕೊಟ್ಟು ಒಂದು ಬೈಸಿಕಲ್ಲನ್ನು ಕೊಂಡು, ಕೆಲವು ದಿನ ಬಿದ್ದೆದ್ದು ಸವಾರಿ ಅಭ್ಯಾಸ ಮಾಡಿ, ೧೯೦೦ನೆಯ ಇಸವಿ ಫೆಬ್ರವರಿ ೨೨ರಂದು ನೋಮಿನತ್ತ ಹೊರಟುಬಿಟ್ಟನು. ಜಾರುಬಂಡಿಗಳು ಹಿಮದಲ್ಲಿ ಕೊರೆದ ಕಿರಿದಾದ ಗೀರಿನಲ್ಲಿಯೇ ಚಕ್ರವನ್ನು ಹಿಡಿದು ನಡೆಸಬೇಕು; ಕೈ ತುಸು ಅಲುಗಿದರೆ ಪಕ್ಕದ ಮೆತ್ತನೆಯ ಹಿಮದಲ್ಲಿ ಸವಾರನೂ ಬೈಸಿಕಲ್ಲೂ ಬೇರೆಬೇರೆಯಾಗಿ ಬೀಳುವುದು. ಫಾರನ್‌ಹೀಟ್ ಮಾನದಲ್ಲಿ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿಳಿದ ದಿನಗಳಲ್ಲಿ ಕೀಲುಗಳಲ್ಲಿದ್ದ ಎಣ್ಣೆ ಗಟ್ಟಿಯಾಗಿ ಚಕ್ರಗಳು ತಿರುಗಲಾರದಾದುವು. ರಬ್ಬರು ಮರದ ತುಂಡಿನಂತಾಯಿತು. ಅಂಥ ದಿನಗಳಲ್ಲಿ ಆತನು ಹಾದಿಯ ಬದಿಯ ಬಿಡಾರಗಳಲ್ಲಿ ತಂಗಿ ಕಾಯಬೇಕಾಯಿತು. ಹಾಗಿದ್ದರೂ ಸುಮಾರು ಐದು ವಾರಗಳಲ್ಲಿ ಆತನು ನೋಮನ್ನು ಸೇರಿದನು. ಆತನ ಸಾಮಾನಿನಲ್ಲಿ ಕೆಲವು ವೃತ್ತಪತ್ರಿಕೆಗಳಿದ್ದುವಂತೆ. ಚಳಿಗಾಲವೆಲ್ಲ ಹೊರಲೋಕದ ಸುದ್ದಿಯಿಲ್ಲದೆ ಕುಳಿತಿದ್ದ ಜನರು ಚಿನ್ನಕ್ಕಿಂತಲೂ ಹೆಚ್ಚಾಗಿ ಆ ಕಾಗದಗಳನ್ನು ಆದರಿಸಿದರೆಂದರೆ ನಮಗೆ ಆಶ್ಚರ್ಯವಿಲ್ಲ.

ಅದೇ ವರ್ಷ ಮಾರ್ಚಿ ೨ರಂದು ಹೊರಟ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ಇಪ್ಪತ್ತರ ಆಸುಪಾಸಿನ ತರುಣನ ಕಥೆ ಇನ್ನೂ ಮನಕರಗಿಸತಕ್ಕದ್ದು. ಹೊರಡುವ ಮುನ್ನವೇ ಕಾಲಿಗೆ ಮೊಳೆ ಚುಚ್ಚಿ ವಿಷವೇರಿ ಹಾಸಿಗೆ ಹಿಡಿದಿದ್ದನು. ತಡವಾಗಿ ಹೊರಟದ್ದರಿಂದ ಆತನು ಕಡಲದಂಡೆಗೆ ಬರುವ ವೇಳೆಗೆ ವಸಂತದ ಬಿಸಿಲೇರಿ ಮಂಜುಗಡ್ಡೆ ಕರಗತೊಡಗಿತ್ತು. ಷಾಕ್ಟೂಲಿಕ್ ಎಂಬ ಹೊಳೆಯನ್ನು ದಾಟುವಾಗ ಗಡ್ಡೆಯೊಡೆದು ನೀರಿಗೆ ಬಿದ್ದನು. ಜೀವ ಉಳಿಯಿತು, ಆದರೆ ೧೫೦೦ ಡಾಲರು ಬೆಲೆಯ ಚಿನ್ನದ ಪುಡಿಯಿದ್ದ ಚೀಲ ಹೊಳೆಯ ಪಾಲಾಯಿತು. ಮುಂದೆ ನೋಮ್ ಸಮೀಪಿಸಿತೆನ್ನುವಾಗ ಬೈಸಿಕಲ್ಲಿನ ಸರಪಣಿ ತುಂಡಾಯಿತು. ಬೇರೊಬ್ಬನಾಗಿದ್ದರೆ ಅಲ್ಲಿಯೇ ಕುಳಿತು ತನ್ನ ಹಣೆಯ ಬರಹವನ್ನು ಹಳಿದುಕೊಳ್ಳುತ್ತಿದ್ದನು. ಈ ಹುಡುಗನು ತನ್ನ ದಪ್ಪ ಉಣ್ಣೆಯ ಕೋಟಿನ ಬೆನ್ನಿಗೆ ಒಂದು ಕೋಲನ್ನು ಸಿಕ್ಕಿಸಿ, ಅದನ್ನು ಹಡಗಿನ ಹಾಯಿಯಂತೆ ಅರಳಿಸಿ, ಬೆನ್ನ ಹಿಂದಿನ ಗಾಳಿಯಿಂದ ನೂಕಿಸಿಕೊಂಡು ಮೇ ೧೯ರಂದು ನೋಮನ್ನು ಮುಟ್ಟಿದನು! ಮುಪ್ಪಿನ ಕಾಲದಲ್ಲಿ ಮನೆಯವರಿಗಾಗಿ ಆತನು ಇದನ್ನು ಬರೆದಿಟ್ಟದ್ದರಿಂದ ನಮಗೆ ಇಂದು ಓದಲು ದೊರೆಯುತ್ತದೆ. ಬಡವರ ಸಾಹಸಗಳು ಎಷ್ಟೋ ಹೀಗೆ ಬರೆದಿಡುವವರಿಲ್ಲದೆಯೇ ಅಳಿದುಹೋಗಿರಬೇಕು.

ಆಮೇಲೆ ವಿಮಾನಗಳು ಬಂದುವು. ನಾಯಿಬಂಡಿಗಳ ಟಪಾಲು ನಿಂತಿತು. ಹಿಮದ ಮೇಲಿನ ಬೈಸಿಕಲ್ಲನ್ನು ಜನರು ಮರೆತರು. ಸೀವರ್ಡ್ ಎಂಬ ರೇವಿನಿಂದ ನೋಮ್‌ವರೆಗೆ ಹಬ್ಬಿದ್ದ ಹಳೆಯ ಟಪಾಲು ಹಾದಿ, ಇಡಿಟಾರಾಡ್ ಎಂಬುದು, ಗಿಡ ಬೆಳೆದು ಮುಚ್ಚಿಹೋಗುತ್ತಿತ್ತು. ೧೯೭೩ರಲ್ಲಿ ಆ ಹಾದಿಯ ಮೇಲೆ ಆಂಕರೇಜಿನಿಂದ ನೋಮಿಗೆ ನಾಯಿಬಂಡಿಗಳ ಮಹಾಪಂದ್ಯ ಮೊದಲಾಯಿತು. ಹಾದಿ ಮತ್ತೆ ತೆರೆದುಕೊಂಡಿತಷ್ಟೆ. ಅದರ ಮೇಲೆ ಬೈಸಿಕಲ್ಲು ಬಿಡಲಾಗದೇ ಎಂಬ ಯೋಚನೆ ಕೆಲವರಿಗೆ ಹುಟ್ಟಿ, ೧೯೮೭ರಲ್ಲಿ ಇಡಿಟಾಬೈಕ್ ಎಂಬ ಸುಮಾರು ೨೦೦ ಮೈಲಿಯ ಪಂದ್ಯ ನಡೆಯಿತು. ಸವಾರಿಗಿಂತ ತಳ್ಳಾಟವೇ ಹೆಚ್ಚಾಗಿದ್ದ ಪಂದ್ಯವದು. ಬೆಟ್ಟದ ಹಾದಿಗೆಂದು ಮಾಡಿದ ಎರಡಂಗುಲದ ಟಯರು ಹಿಮವನ್ನು ಕತ್ತಿಯಂತೆ ಸೀಳಿ ಹೂತುಹೋಗುತ್ತಿತ್ತು.

ಈ ಹೂಳುವಿಕೆಯ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಎಲ್ಲ ಗುಟ್ಟೂ ಅದರಲ್ಲಿಯೇ ಅಡಗಿದೆ. ಸವಾರ, ಬೈಸಿಕಲ್ಲು, ಸಾಮಾನು ಎಲ್ಲ ಸೇರಿ ೨೦೦ ಪೌಂಡು ತೂಕವೆಂದೂ, ಎರಡು ಚಕ್ರಗಳ ಮೇಲೆ ಸಮನಾಗಿ ನೂರು ನೂರು ಪೌಂಡು ಬೀಳುವುದೆಂದೂ ಇಟ್ಟುಕೊಳ್ಳೋಣ. ರಸ್ತೆಯ ಪಂದ್ಯದ ಟಯರಿನಲ್ಲಿ ಚದರಂಗುಲಕ್ಕೆ ೧೦೦ ಪೌಂಡಿನಷ್ಟು ಒತ್ತಡದ ಗಾಳಿ ತುಂಬಿದ್ದರೆ, ಆ ಚಕ್ರವು ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ ಒಂದೇ ಚದರಂಗುಲ. ಗಾಳಿಯನ್ನು ೫ ಪೌಂಡಿಗೆ ಇಳಿಸಿದರೆ, ಅದೇ ಭಾರವನ್ನು ಹೊರಲು ೨೦ ಚದರಂಗುಲ ಬೇಕಾಗುವುದರಿಂದ, ಟಯರು ಅಷ್ಟು ಅಗಲಕ್ಕೆ ಚಪ್ಪಟೆಯಾಗಿ ಹರಡಿಕೊಳ್ಳುವುದು. ಕುದುರೆಯ ಗೊರಸು ಮರಳಿನಲ್ಲಿ ಹೂಳುವಾಗ ಒಂಟೆಯ ಅಗಲವಾದ ಹೆಜ್ಜೆ ಹೂಳದಿರುವುದು ಇದೇ ನಿಯಮದಿಂದ. ಆದರೆ ಕಿರಿದಾದ ಟಯರಿನಲ್ಲಿ ಗಾಳಿ ಇಳಿಸಿದರೆ ಚಕ್ರದ ಕಬ್ಬಿಣದ ಅಂಚೇ ನೆಲಕ್ಕೆ ತಗಲುವುದು. ಆದುದರಿಂದ ಟಯರೂ ದಪ್ಪವಾಗಬೇಕು, ಅದನ್ನು ಹಿಡಿಯುವ ರಿಮ್ಮೂ ಅಗಲವಾಗಬೇಕು, ಅದಕ್ಕೆ ಎಡೆಕೊಡಲು ಚೌಕಟ್ಟೂ ಬೇರೆಯಾಗಬೇಕು.

ಇಷ್ಟು ಬೇಕೆಂದು ತಿಳಿದರೂ ಅಂಗಡಿಯಲ್ಲಿ ಸಿಕ್ಕುವ ವಸ್ತುವಲ್ಲ. ಅಲಾಸ್ಕದ ಕೆಲವು ಕುಶಲಿಗಳು ಎರಡು ರಿಮ್ಮುಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಸೆದು ಜೋಡಿಟಯರು ಹಾಕಿ ನೋಡಿದರು. ಫೇರ್‌ಬ್ಯಾಂಕ್ಸ್ ಪಟ್ಟಣದ ಸೈಮನ್ ರಾಕೋವರ್ ಎಂಬವರು ೪೪ ಮಿಲಿಮೀಟರು ಅಗಲದ ರಿಮ್ಮನ್ನು ಮಾಡಿಸಿ 'ಸ್ನೋಕ್ಯಾಟ್' ಎಂಬ ಹೆಸರಿನಿಂದ ಮಾರಿದರು. ವಿನೋದವೇನೆಂದರೆ, ಇದೇ ಕಾಲಕ್ಕೆ ಹಿಮದ ಗಂಧವೇ ಇಲ್ಲದ ಮರಳುಗಾಡಿನಲ್ಲಿಯೂ ಇದೇ ಯತ್ನ ನಡೆದಿತ್ತು. ನ್ಯೂ ಮೆಕ್ಸಿಕೋದ ರೇ ಮೊಲಿನಾ ಎಂಬವರು ಒಣಹಳ್ಳಗಳ ಮರಳಿನಲ್ಲಿ ಓಡಿಸಲೆಂದು ಮೂರೂವರೆ ಅಂಗುಲದ ಟಯರನ್ನೂ ೮೨ ಮಿಲಿಮೀಟರಿನ ರಿಮ್ಮನ್ನೂ ಮಾಡಿಸಿದ್ದರು. ಮರಳಿನವರ ಟಯರು ಹಿಮದವರ ಕೈಗೆ ಬಂದಾಗ ಹೊಸ ವಾಹನವೇ ಹುಟ್ಟಿತು. ಅಲಾಸ್ಕದ ಮಾರ್ಕ್ ಗ್ರೋನ್‌ವಾಲ್ಡ್ ಎಂಬ ಚೌಕಟ್ಟು ಕಟ್ಟುವವರು ಅದಕ್ಕೆ 'ಫ್ಯಾಟ್ ಬೈಕ್' ಎಂದು ಹೆಸರಿಟ್ಟರು. ಕನ್ನಡದಲ್ಲಿ ದಪ್ಪ ಬೈಸಿಕಲ್ಲು ಎನ್ನೋಣ. ೨೦೦೫ರಲ್ಲಿ ಸರ್ಲಿ ಎಂಬ ಕಂಪೆನಿಯವರು 'ಪಗ್ಸ್‌ಲಿ' ಎಂಬ ಬೈಸಿಕಲ್ಲನ್ನು ೩.೭ ಅಂಗುಲದ ಟಯರಿನೊಂದಿಗೆ ಮಾರಾಟಕ್ಕೆ ತಂದಮೇಲೆ ಯಾರು ಬೇಕಾದರೂ ಕೊಳ್ಳಬಹುದಾಯಿತು. ಈಗ ಐದಂಗುಲದ ಟಯರುಗಳೂ, ಹೊಳೆಯುವ ಬರಿ ಮಂಜುಗಡ್ಡೆಯ ಮೇಲೆ ಜಾರದಂತೆ ಉಕ್ಕಿನ ಪುಟ್ಟ ಮೊಳೆಗಳನ್ನು ಹೊಡೆದ ಟಯರುಗಳೂ ದೊರೆಯುತ್ತವೆ.

ಹಿಮವೆಂದರೆ ಎಲ್ಲ ಒಂದೇ ಎಂದು ನಮ್ಮಂತಹ ಬಿಸಿನಾಡಿನವರು ಭಾವಿಸುವೆವು. ಹಿಮದ ಹಾದಿಯವರು ಅದನ್ನು ಅಕ್ಕಿಯಂತೆ ಕೈಯಲ್ಲಿ ಹಿಡಿದು ಪರೀಕ್ಷಿಸುವರು. ಹೊಸದಾಗಿ ಬಿದ್ದದ್ದು ಹತ್ತಿ. ಅದರಲ್ಲಿ ಯಾವ ಟಯರೂ ನಿಲ್ಲದು. ಯಂತ್ರದ ಬಂಡಿಯೋ ನಾಯಿಬಂಡಿಯೋ ಅದನ್ನು ತುಳಿದು ಹೋದಮೇಲೆ ಒಂದು ರಾತ್ರಿಯ ಚಳಿಗೆ ಬಿಟ್ಟರೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಬೆಳಗಿನೊಳಗೆ ಗಟ್ಟಿಯಾದ ಗಾರೆಯಂತಾಗುವುದು. ಬಿಸಿಲೇರಿದರೆ ಅದೇ ಹಾದಿ ಮಧ್ಯಾಹ್ನಕ್ಕೆ ಗಂಜಿ. ಆದುದರಿಂದ ಎಷ್ಟೋ ಮಂದಿ ಹಗಲು ಮಲಗಿ ರಾತ್ರಿ ಸವಾರಿ ಮಾಡುವರು. ಚಳಿ ಅತಿಯಾದರೆ ಹಿಮ ಮರಳಿನಂತೆ ಒರಟಾಗಿ ಚಕ್ರವನ್ನು ಎಳೆದುಹಿಡಿಯುವುದುಂಟು. ಹಾದಿಯ ಮರ್ಯಾದೆಯೂ ಒಂದಿದೆ: ಚಕ್ರವು ಅಂಗುಲಕ್ಕೂ ಹೆಚ್ಚು ಆಳವಾದ ಗೀರು ಬಿಡುತ್ತಿದ್ದರೆ ಗಾಳಿ ಇಳಿಸಬೇಕು, ಇಲ್ಲವೆ ಇಳಿದು ನಡೆಯಬೇಕು, ಆ ಗೀರು ರಾತ್ರಿ ಹೆಪ್ಪುಗಟ್ಟಿದರೆ ಹಿಂದೆ ಬರುವವರ ಕಾಲು ಮುರಿದೀತು.

ಈಗ ಪಂದ್ಯಗಳ ವಿಚಾರ. ೨೦೦೨ರಿಂದ ಇಡಿಟಾರಾಡ್ ಟ್ರೇಲ್ ಇನ್ವಿಟೇಷನಲ್ ಎಂಬ ಹೆಸರಿನಲ್ಲಿ, ನಾಯಿಗಳ ಪಂದ್ಯಕ್ಕೆ ಕೆಲವು ದಿನ ಮುಂಚಿತವಾಗಿ, ಮನುಷ್ಯಬಲದಿಂದಲೇ ಅದೇ ಹಾದಿಯನ್ನು ಸಾಗುವ ಪಂದ್ಯ ನಡೆಯುತ್ತ ಬಂದಿದೆ. ಬೈಸಿಕಲ್ಲಿನವರೂ, ಕಾಲ್ನಡೆಯವರೂ, ಹಿಮದ ಹಲಗೆ ಕಟ್ಟಿಕೊಂಡು ಜಾರುವವರೂ ಒಟ್ಟಿಗೆ ಹೊರಡುವರು. ಹತ್ತಿರದ ಗುರಿ ಮಗ್ರಾತ್ ಎಂಬ ಹಳ್ಳಿ, ೩೫೦ ಮೈಲಿಯೆಂದು ಲೆಕ್ಕ. ದೂರದ ಗುರಿ ನೋಮ್, ೧೦೦೦ ಮೈಲಿ. ಹಾದಿಯನ್ನು ಗುರುತುಮಾಡಿ ತೋರಿಸುವವರಿಲ್ಲ. ನಡುವೆ ಆಲ್ಪೈನ್ ಬೆಟ್ಟಸಾಲಿನಂಥ ಅಲಾಸ್ಕ ಪರ್ವತಶ್ರೇಣಿಯನ್ನು ರೈನಿ ಪಾಸ್ ಎಂಬ ಕಣಿವೆಯಲ್ಲಿ ಹತ್ತಿ ಇಳಿಯಬೇಕು. ನೋಮಿಗೆ ಹೋಗುವವರು ಮುಂದಿನ ಹಳ್ಳಿಗಳ ಟಪಾಲು ಕಚೇರಿಗಳಿಗೆ ತಮ್ಮ ಆಹಾರವನ್ನು ತಾವೇ ಮೊದಲೇ ಟಪಾಲಿನಲ್ಲಿ ಕಳುಹಿಸಿಟ್ಟಿರುವರು. ೨೦೧೪ರಲ್ಲಿ ಫೇರ್‌ಬ್ಯಾಂಕ್ಸಿನ ಜೆಫ್ ಓಟ್ಲಿ ಎಂಬವರು ನೋಮನ್ನು ಹತ್ತು ದಿನ ಮೂರು ಗಂಟೆಯೊಳಗೆ ಮುಟ್ಟಿದರು. ಮರುವರ್ಷ ಜಾನ್ ಲ್ಯಾಕಿ ಎಂಬವರು ಮಗ್ರಾತನ್ನು ಎರಡು ದಿನ ತುಂಬುವ ಮೊದಲೇ ಸೇರಿದರು. ಜೆಸ್ಸನ್ನನ ಐದು ವಾರಗಳೆಲ್ಲಿ, ಈ ವೇಗವೆಲ್ಲಿ!

ಆದರೆ ಈ ವೇಗದ ಹಿಂದೆ ಒಂದು ವಿಷಾದದ ಕಾರಣವೂ ಇದೆಯೆಂಬುದನ್ನು ಮರೆಮಾಚಲಾಗದು. ಆ ಎರಡು ಚಳಿಗಾಲಗಳಲ್ಲಿಯೂ ಹಿಮ ಬಹಳ ಕಡಮೆ ಬಿದ್ದಿತ್ತು. ಹಾದಿಯ ದೊಡ್ಡ ಭಾಗ ಬರಿ ನೆಲ, ಬರಿ ಮಂಜುಗಡ್ಡೆ. ಬೈಸಿಕಲ್ಲಿಗೆ ಅದು ರಾಜಮಾರ್ಗ. ನಾಯಿಬಂಡಿಗಳಿಗೆ ಮಾತ್ರ ಮೃತ್ಯು. ೨೦೦೩, ೨೦೧೫, ೨೦೧೭, ೨೦೨೫ ಈ ನಾಲ್ಕು ವರ್ಷಗಳಲ್ಲಿ ನಾಯಿಗಳ ಪಂದ್ಯವನ್ನು ಹಾದಿಯ ದುಃಸ್ಥಿತಿಯಿಂದಾಗಿ ದೂರದ ಫೇರ್‌ಬ್ಯಾಂಕ್ಸಿನಿಂದ ಹೊರಡಿಸಬೇಕಾಯಿತು. ಉತ್ತರದ ಸೀಮೆ ಬಿಸಿಯಾಗುತ್ತಿರುವುದನ್ನು ಪಂಡಿತರು ಅಂಕೆಗಳಲ್ಲಿ ತೋರಿಸುವರು. ಅಲ್ಲಿನ ಹಳ್ಳಿಗರು ಹೊಳೆಯ ಮೇಲೆ ಕಾಲಿಡುವ ಮೊದಲು ಕೋಲಿನಿಂದ ಕುಟ್ಟಿ ನೋಡುವುದರಲ್ಲಿ ತೋರಿಸುವರು. ಚಳಿಗಾಲದಲ್ಲಿ ಹೊಳೆಯೇ ಅವರ ರಸ್ತೆ, ಅದರ ಮೇಲೆಯೇ ಸೌದೆ, ಔಷಧ, ನೆಂಟರು, ಎಲ್ಲವೂ ಬರಬೇಕು.

ಮಿನಿಸೋಟ ಸಂಸ್ಥಾನದಲ್ಲಿ ೨೦೦೫ರಿಂದ ಆರೋಹೆಡ್ ೧೩೫ ಎಂಬ ಪಂದ್ಯವು ಜನವರಿಯ ಕೊನೆಯಲ್ಲಿ, ಆ ಸೀಮೆಯ ಅತಿ ಚಳಿಯ ವಾರವನ್ನೇ ಆರಿಸಿಕೊಂಡಂತೆ ನಡೆಯುತ್ತದೆ. ಹೆಸರಿನಲ್ಲಿರುವ ಅಂಕೆ ಮೈಲಿಗಳದ್ದು. ಅಲ್ಲಿ ಪ್ರತಿಯೊಬ್ಬರೂ ಚಳಿತಡೆಯುವ ಮಲಗುಚೀಲ, ಒಲೆ, ಉರುವಲು, ಕೊರಳಿಗೆ ಕಟ್ಟಿದ ಸೀಟಿ ಇವುಗಳನ್ನು ಹೊತ್ತಿರಲೇಬೇಕು. ಗುರಿ ಮುಟ್ಟಿದಮೇಲೂ ಚೀಲದಲ್ಲಿ ೩೦೦೦ ಕ್ಯಾಲೊರಿಯಷ್ಟು ಆಹಾರ ಉಳಿದಿರಬೇಕೆಂಬುದು ನಿಯಮ. ಎಷ್ಟೇ ಹಸಿದಿದ್ದರೂ ಅದನ್ನು ತಿಂದು ಬಂದವನು ಗೆದ್ದಂತಲ್ಲ. ನಾಳೆಗೆಂದು ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿಸುವ ನಮ್ಮ ಗೃಹಿಣಿಯರು ಈ ನಿಯಮವನ್ನು ಮೆಚ್ಚದೆ ಇರಲಾರರು.

ಚಳಿಯೊಡನೆ ಸೆಣಸುವ ಉಪಾಯಗಳು ವಿಚಿತ್ರವಾಗಿವೆ. ಸವಾರನ ಮೊದಲ ಶತ್ರು ಚಳಿಯಲ್ಲ, ಬೆವರು. ಏರಿನಲ್ಲಿ ಬೆವರಿ ಬಟ್ಟೆ ನೆನೆದರೆ ಇಳಿಜಾರಿನಲ್ಲಿ ಅದೇ ಮಂಜಿನ ಕವಚವಾಗುವುದು. ಆದುದರಿಂದ ಏರು ಬರುವ ಮೊದಲೇ ಒಂದು ಅಂಗಿಯನ್ನು ಕಳಚಬೇಕು. ಚಳಿಯಲ್ಲಿ ನಡುಗುತ್ತಲೇ ಬಟ್ಟೆ ಬಿಚ್ಚುವುದಕ್ಕೆ ಒಂದು ಬಗೆಯ ವೈರಾಗ್ಯವೇ ಬೇಕು. ಕೈಹಿಡಿಗೆ ಗೂಡಿನಂತಹ ದೊಡ್ಡ ಚೀಲಗಳನ್ನು ಹೊಲಿದು ಅದರೊಳಗೆ ಕೈಯಿಟ್ಟು ಸವಾರಿ ಮಾಡುವರು. ನೀರು ಮೇಲ್ಭಾಗದಿಂದ ಹೆಪ್ಪುಗಟ್ಟುವುದರಿಂದ ಸೀಸೆಯನ್ನು ತಲೆಕೆಳಗಾಗಿಡುವರು; ಆಗ ಬಿರಟೆಯ ಬಳಿ ನೀರು ಹರಿಯುತ್ತಿರುವುದು. ಚಾಕೊಲೇಟು ಕಲ್ಲಾಗುವುದರಿಂದ ಅದನ್ನು ಅಂಗಿಯೊಳಗೆ ಎದೆಗೆ ತಗಲಿಸಿಡುವರು. ದೀಪದ ಬ್ಯಾಟರಿಗೂ ಅದೇ ಉಪಚಾರ. ಹಿಂದಿನ ಚಕ್ರದ ಕೀಲಿನಲ್ಲಿ ಮಾಮೂಲು ಗ್ರೀಸು ಇದ್ದರೆ ಅದು ಗಟ್ಟಿಯಾಗಿ, ಪೆಡಲು ತುಳಿದರೂ ಚಕ್ರ ತಿರುಗದು. ಅದನ್ನು ತೊಳೆದು ತೆಳುವಾದ ಎಣ್ಣೆ ಹಾಕಬೇಕು. ಜೆಸ್ಸನ್ನನನ್ನು ಕಾಡಿದ ಪೀಡೆ ಇನ್ನೂ ಬಿಟ್ಟಿಲ್ಲವೆಂದಾಯಿತು. ಫಾರನ್‌ಹೀಟ್ ಮತ್ತು ಸೆಂಟಿಗ್ರೇಡ್ ಮಾನಗಳೆರಡೂ ಒಂದಾಗುವುದು ಸೊನ್ನೆಯಿಂದ ೪೦ ಕೆಳಗೆ. ಅಲ್ಲಿ ಯಾವ ದೇಶದವನಿಗೂ ಲೆಕ್ಕ ಪರಿವರ್ತಿಸುವ ಶ್ರಮವಿಲ್ಲ.

ಎಲ್ಲಕ್ಕಿಂತ ಭಯಂಕರವಾದುದು ಗಡ್ಡೆಯ ಮೇಲಿನ ನೀರು. ಹೊಳೆಯ ಮೇಲೆ ಹಿಮದ ಭಾರ ಹೆಚ್ಚಾದಾಗ ಗಡ್ಡೆ ಕುಸಿದು, ಬಿರುಕುಗಳಿಂದ ಕೆಳಗಿನ ನೀರು ಮೇಲಕ್ಕೆ ಹೊಮ್ಮಿ, ಹಿಮದ ಅಡಿಯಲ್ಲಿ ಕಣ್ಣಿಗೆ ಕಾಣದೆ ನಿಲ್ಲುವುದು. ಕಾಲಿಟ್ಟವನ ಪಾದರಕ್ಷೆ ನೆನೆಯಿತೆಂದರೆ ಪಾದವನ್ನು ಉಳಿಸಿಕೊಳ್ಳಲು ಬಹಳ ಹೊತ್ತು ಇರುವುದಿಲ್ಲ. ಜಿಲ್ ಹೋಮರ್ ಎಂಬ ಪತ್ರಿಕೋದ್ಯೋಗಿನಿ ೨೦೦೮ರಲ್ಲಿ ಬೈಸಿಕಲ್ಲಿನ ಮೇಲೆ ಮಗ್ರಾತನ್ನು ಸೇರಿದವಳು. ೨೦೦೯ರಲ್ಲಿ ಆಕೆ ಮತ್ತೆ ಹೊರಟಾಗ, ಮೊದಲನೆಯ ರಾತ್ರಿಯೇ ಫ್ಲಾಟ್‌ಹಾರ್ನ್ ಎಂಬ ಸರೋವರದ ಮೇಲೆ ಕಾಲು ನೀರಿಗಿಳಿಯಿತು. ಕೊರೆಯುವ ಚಳಿ; ಅವಳು ನಿಲ್ಲದೆ ಮುಂದಿನ ಬಿಡಾರದವರೆಗೆ ಸಾಗಿದಳು. ಪಾದರಕ್ಷೆ ಕಳಚಿ ನೋಡುವಾಗ ಕಾಲಿನ ಬೆರಳುಗಳು ಹೆಪ್ಪುಗಟ್ಟಿದ್ದುವು. ಅಲ್ಲಿಗೆ ಪಂದ್ಯ ಮುಗಿಯಿತು.

ನಾವು ಈ ಪ್ರಸಂಗವನ್ನು ಬಿಡದೆ ಹೇಳಿದ್ದಕ್ಕೆ ಕಾರಣವುಂಟು. ಗೆದ್ದವರ ಗಂಟೆ ನಿಮಿಷಗಳನ್ನು ಎಲ್ಲರೂ ಬರೆದುಕೊಳ್ಳುವರು. ಅರ್ಧದಲ್ಲಿ ನಿಂತವರ ವಿವೇಕವನ್ನು ಬರೆಯುವವರು ಕಡಮೆ. ಇಂಥಾ ಪಂದ್ಯಗಳಲ್ಲಿ ಪ್ರತಿವರ್ಷವೂ ಹಲವರು ಗುರಿ ಸೇರದೆ ಹಿಂದಿರುಗುವರು, ಮತ್ತು ಹಾಗೆ ಹಿಂದಿರುಗಿದವರೇ ಮುಂದಿನ ವರ್ಷ ಹೊರಡಲು ಕೈಕಾಲುಳ್ಳವರಾಗಿರುವರು. ಹೋಮರಳ ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಏಳು ವರ್ಷಗಳ ತರುವಾಯ, ೨೦೧೬ರಲ್ಲಿ, ಆಕೆ ಅದೇ ಹಾದಿಯನ್ನು ಹಿಡಿದು ಸುಮಾರು ಹದಿನೇಳು ದಿನಗಳಲ್ಲಿ ನೋಮಿನವರೆಗೂ ಹೋಗಿ ಮುಟ್ಟಿದಳು.

ದಪ್ಪ ಬೈಸಿಕಲ್ಲು ದಕ್ಷಿಣ ಧ್ರುವವನ್ನೂ ಬಿಟ್ಟಿಲ್ಲ. ೨೦೧೩ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮಾರಿಯಾ ಲೈಜರ್‌ಸ್ಟಾಮ್ ಎಂಬ ಮಹಿಳೆ ಮೂರು ಚಕ್ರದ ವಾಹನವನ್ನು ತುಳಿದು ಹನ್ನೊಂದು ದಿನಗಳೊಳಗೆ ಧ್ರುವವನ್ನು ಸೇರಿದಳು. ಮರುತಿಂಗಳು ಡೇನಿಯಲ್ ಬರ್ಟನ್ ಎಂಬ ಅಮೆರಿಕನನು ಐವತ್ತೊಂದು ದಿನ ತುಳಿದು ಎರಡು ಚಕ್ರದ ಮೇಲೆಯೇ ಅಲ್ಲಿಗೆ ಬಂದನು. ಎರಡು ಚಕ್ರವೋ ಮೂರು ಚಕ್ರವೋ ಮೊದಲಿನದೆಂಬ ವಾದ ಅವರವರಲ್ಲಿ ನಡೆಯಲಿ.

ಇಷ್ಟು ಕಷ್ಟಕ್ಕೆ ದೊರೆಯುವುದೇನು ಎಂದು ವಾಚಕರು ಕೇಳಬಹುದು. ಇಡಿಟಾರಾಡ್ ಹಾದಿಯಲ್ಲಿ ಗೆದ್ದವನಿಗೆ ಹಣದ ಥೈಲಿಯನ್ನೊಪ್ಪಿಸುವ ಮೆರವಣಿಗೆಯಿಲ್ಲ. ಮಗ್ರಾತ್ ಮುನ್ನೂರರಷ್ಟು ಜನರಿರುವ ಹಳ್ಳಿ. ರಸ್ತೆಯಿಂದ ಅದಕ್ಕೆ ಸಂಬಂಧವಿಲ್ಲ. ಅನೇಕ ವರ್ಷಗಳ ಕಾಲ ಪಂದ್ಯದ ಗುರಿಯಾಗಿದ್ದದ್ದು ಅಲ್ಲಿನ ಒಂದು ಸಂಸಾರದ ಮನೆ. ನಡುರಾತ್ರಿಯೋ ಬೆಳಗಿನ ಜಾವವೋ, ಗಡ್ಡದ ತುಂಬ ಮಂಜು ಕಟ್ಟಿಕೊಂಡ ಒಬ್ಬನು ಬಾಗಿಲು ತಳ್ಳಿಕೊಂಡು ಒಳಗೆ ಬರುವನು. ಒಲೆ ಉರಿಯುತ್ತಿರುತ್ತದೆ. ಹಿಂದೆ ಬಂದವರು ನೆಲದ ಮೇಲೆ ಸಾಲಾಗಿ ಮಲಗಿರುತ್ತಾರೆ, ಅವರ ಕಾಲ್ಚೀಲಗಳು ಮೇಲೆ ಹಗ್ಗದಲ್ಲಿ ಒಣಗುತ್ತಿರುತ್ತವೆ. ಮನೆಯವರು ಹೆಸರು ಕೇಳಿ, ಗಂಟೆ ಬರೆದುಕೊಂಡು, ಬಿಸಿಬಿಸಿಯಾದ ತಟ್ಟೆಯನ್ನು ಮುಂದಿಡುವರು. ಕೈಬೆರಳುಗಳು ಚಮಚವನ್ನು ಹಿಡಿಯುವಷ್ಟು ಬಿಸಿಯಾಗುವವರೆಗೆ ಆತನು ಅದರ ಹಬೆಯಲ್ಲಿ ಕೈ ಕಾಯಿಸಿಕೊಳ್ಳುತ್ತ ಕುಳಿತಿರುವನು.